ಸುಟ್ಟ ಗದ್ದ್ಯಾಗ ನಾವು ಉಣ್ಣಲ್ಲ

ಹವಾಮಾನ ಬದಲಾವಣೆಯ ಪಾಠವನ್ನು ಕಿಟಕಿ ಮುಚ್ಚಿಕೊಂಡು ಮಾಡಬೇಕಾದ ಶಾಲೆ ಬೇರೆಲ್ಲಾದರೂ ಇದೆಯೋ ಇಲ್ಲವೋ, ಹೊನ್ನಗುಡ್ಡದಲ್ಲಂತೂ ಇತ್ತು. ಗೊರೇಬಾಳದಲ್ಲಿ ಬಸ್ಸಿಳಿದು, ಆಟೋ ಹಿಡಿದು, ಕಾಲುವೆಯ ಏರಿ ಗುಂಟ ಹೋದರೆ ಈ ಊರು ಸಿಗುತ್ತದೆ. ಹೈಸ್ಕೂಲಿನ ಮೂರು ಕಡೆಗೂ ಭತ್ತದ ಗದ್ದೆ. ಚಳಿ ಶುರುವಾಗುವ ಹೊತ್ತಿಗೆ ಕೊಯ್ಲಿನ ಮಶೀನು ಬರುತ್ತದೆ, ಕಾಳು ಸಿಂಧನೂರಿನ ರೈಸ್ ಮಿಲ್ಲುಗಳಿಗೆ ಹೋಗುತ್ತದೆ, ಹುಲ್ಲು ಗದ್ದೆಯಲ್ಲೇ ಉಳಿಯುತ್ತದೆ. ಉಳಿದ ಹುಲ್ಲಿಗೆ ಊರು ಕಂಡುಕೊಂಡಿದ್ದ ಉಪಾಯ ಒಂದೇ, ಕಡ್ಡಿ ಗೀರುವುದು.

ಆ ದಿನವೂ ಹಾಗೇ ಆಯಿತು. ವಿಜ್ಞಾನದ ಟೀಚರ್ ಸುಕನ್ಯಾ ಒಂಬತ್ತನೇ ಕ್ಲಾಸಿನ ಬೋರ್ಡಿನ ಮೇಲೆ ಭೂಮಿಯ ಚಿತ್ರ ಬರೆದು, ಅದರ ಸುತ್ತ ಗಾಳಿಯ ಹೊದಿಕೆ ಬರೆದು, ಆ ಹೊದಿಕೆಯೊಳಗೆ ಶಾಖ ಸಿಕ್ಕಿಬೀಳುವುದು ಹೇಗೆ ಎಂದು ಬಾಣದ ಗುರುತು ಹಾಕುತ್ತಿದ್ದರು. ಅಷ್ಟರಲ್ಲಿ ಹೊರಗಿನಿಂದ ಹೊಗೆ ನುಗ್ಗಿತು. ಅರ್ಧ ಕ್ಲಾಸು ಕೆಮ್ಮಿತು. ಹಿಂದಿನ ಬೆಂಚಿನವರು ಹೇಳಿಸಿಕೊಳ್ಳದೆ ಎದ್ದು ಕಿಟಕಿ ಹಾಕಿದರು, ಅಷ್ಟು ರೂಢಿಯಾಗಿತ್ತು ಅವರಿಗೆ. ಆಗ ಚನ್ನು ಎದ್ದು ನಿಂತಳು.

“ಟೀಚರ್, ಪರೀಕ್ಷ್ಯಾಗ ಏನ್ ಬರೀಬೇಕ್ರಿ? ಹುಲ್ಲು ಸುಡಬೇಕು ಅಂತನೋ, ಸುಡಬಾರ್ದು ಅಂತನೋ?”

“ಸುಡಬಾರ್ದು ಅಂತ ಬರೀಬೇಕು.”

“ಮತ್ತ ನಮ್ಮಪ್ಪ ನಿನ್ನೆ ಹನ್ನೆರಡು ಎಕರೆ ಸುಟ್ಟಾನಲ್ರಿ. ಆತ ಫೇಲೇನ್ರಿ?”

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಸುಕನ್ಯಾಗೆ ನಗು ಬರಲಿಲ್ಲ. ಚನ್ನು ಅಂದರೆ ವೀರೇಶನ ಮಗಳು. ವೀರೇಶ ಅಂದರೆ ಊರಿನ ದೊಡ್ಡ ರೈತ, ಶಾಲಾ ಸಮಿತಿಯ ಮೆಂಬರ್, ಶಾಲೆಗೆ ನೀರಿನ ಫಿಲ್ಟರ್ ದಾನ ಕೊಟ್ಟವನು. ಫಿಲ್ಟರಿನ ಮೇಲೆ ಅವನ ಹೆಸರು ಎಷ್ಟು ದೊಡ್ಡದಾಗಿತ್ತೆಂದರೆ, ಹೊಸಬರು ನಲ್ಲಿ ಎಲ್ಲಿದೆ ಎಂದು ಹುಡುಕಬೇಕಾಗುತ್ತಿತ್ತು. ಸುಕನ್ಯಾ ಅಂದರೆ ಮಸ್ಕಿಯಿಂದ ದಿನಾ ಬಸ್ಸಿಗೆ ಬಂದುಹೋಗುವ, ಪ್ರೊಬೇಷನ್ ಇನ್ನೂ ಮುಗಿಯದ, ಬೌದ್ಧರ ಮನೆಯ ಹೆಣ್ಣುಮಗಳು. ಇಂಥ ಪ್ರಶ್ನೆಗೆ ಇಂಥ ಟೀಚರು ನಾಜೂಕಾಗಿ ಉತ್ತರ ಕೊಡಬೇಕು ಎಂದು ಲೋಕ ಬಯಸುತ್ತದೆ.

“ಈ ಪ್ರಶ್ನೆಕ ಫೇಲು,” ಎಂದರು ಸುಕನ್ಯಾ. “ಕುಂದ್ರು.”

ಮಾತು ಸಂಜೆಯೊಳಗೆ ಊರು ಮುಟ್ಟಿತು. ಮರುದಿನ ಹೆಡ್ ಮಾಸ್ತರ್ ದುರುಗಪ್ಪನವರು ಸುಕನ್ಯಾರನ್ನು ಕರೆಸಿದರು. ಅವರು ಕೆಟ್ಟ ಮನುಷ್ಯರಲ್ಲ. ಯಾರ ಬಾಯಿಗೂ ಬೀಳದೆ ರಿಟೈರ್ ಆಗಿಬಿಡಬೇಕು ಎಂಬುದಷ್ಟೇ ಅವರ ಆಸೆ.

“ಮೇಡಂ, ಪಾಠ ಪಾಠದಂಗ ಮಾಡ್ರಿ. ಊರು ಊರಿನಂಗ ಇರ್ಲಿ. ಹೋದ ವರ್ಷ ಲಿಂಗಸುಗೂರಿನ ವಿಜ್ಞಾನ ಪ್ರದರ್ಶನದಾಗ ನಮ್ಮ ಮಾಡೆಲ್‌ಗೆ ಪ್ರೈಜ್ ಬಂತಲ್ಲ, ಹಂಥದ್ದ ಇನ್ನೊಂದು ಮಾಡಿಸ್ರಿ.”

ಆ ಮಾಡೆಲ್ ಸುಕನ್ಯಾಗೆ ಚೆನ್ನಾಗಿ ನೆನಪಿತ್ತು. ಥರ್ಮಾಕೋಲಿನ ಭೂಮಿ, ಒಳಗೆ ಕೆಂಪು ಬಲ್ಬು, ಮೇಲೊಂದು ‘ಭೂಮಿಗೆ ಜ್ವರ’ ಎಂಬ ಬೋರ್ಡು. ಪ್ರೈಜು ತೆಗೆದುಕೊಂಡು ಬಂದ ಮೇಲೆ ಆ ಭೂಮಿಯನ್ನು ಇಡಲು ಜಾಗವಿಲ್ಲವೆಂದು ಶಾಲೆಯ ಹಿಂದೆ ಸುಟ್ಟುಹಾಕಿದ್ದರು. ಅದರ ಕರಿ ವಾಸನೆ ವಾರವಿಡೀ ಹೋಗಿರಲಿಲ್ಲ.

“ಈ ಸಲ ಥರ್ಮಾಕೋಲ್ ಬ್ಯಾಡ ಸರ್. ಮಣ್ಣು ತರಸ್ತೀನಿ,” ಎಂದು ಎದ್ದು ಬಂದರು.

ತರಿಸಿದರು ಕೂಡ. ಪ್ರತಿಯೊಬ್ಬರೂ ತಮ್ಮ ಗದ್ದೆಯ ಮಣ್ಣನ್ನು ಟಿಫಿನ್ ಡಬ್ಬಿಯಲ್ಲಿ ತರಬೇಕು, ಒಂದು ಡಬ್ಬಿ ಸುಟ್ಟ ಮಣ್ಣು, ಇನ್ನೊಂದು ಡಬ್ಬಿ ಸುಡದ ಮಣ್ಣು. ಮೇಲೆ ನೀರು ಹಾಕಿ ಯಾವುದು ಕುಡಿಯುತ್ತದೆ, ಯಾವುದು ಉಗುಳುತ್ತದೆ ನೋಡೋಣ, ಯಾವುದರಲ್ಲಿ ಎರೆಹುಳು ಇದೆ ಎಣಿಸೋಣ ಎಂದರು. ಮಕ್ಕಳಿಗೆ ಮಣ್ಣಾಟ ಯಾವಾಗ ಬೇಡ? ಸುಟ್ಟ ಮಣ್ಣು ಗುಡ್ಡೆಗಟ್ಟಲೆ ಬಂತು. ಸುಡದ ಮಣ್ಣೇ ಬರಲಿಲ್ಲ. ಊರ ತುಂಬ ತಿರುಗಿದರೂ ಸುಡದ ಗದ್ದೆ ಸಿಗಲಿಲ್ಲ ಎಂದು ಬರಿಗೈಯಲ್ಲಿ ಬಂದರು. ಕೊನೆಗೆ ಮಾಹಿರಾ ಶಾಲೆಯ ಹಿಂದಿನಿಂದಲೇ ಒಂದು ಡಬ್ಬಿ ತುಂಬಿಕೊಂಡು ಬಂದಳು. ಮಾಹಿರಾ, ಸಿಂಧನೂರಿಗೆ ಹಾಲು ಹಾಕುವ ರಹಮಾನಸಾಬನ ಮಗಳು, ಚನ್ನುವಿನ ಜೀವದ ಗೆಳತಿ.

“ಇದೊಂದ ಉಳದೈತಿ ಟೀಚರ್. ಸಾಲೀ ಗದ್ದಿ.”

ಶಾಲೆಗೆ ಎರಡು ಎಕರೆ ಸ್ವಂತ ಗದ್ದೆ ಇತ್ತು. ಯಾವ ಕಾಲದಲ್ಲೋ ಯಾರೋ ಪುಣ್ಯಾತ್ಮರು ಬಿಟ್ಟುಕೊಟ್ಟದ್ದು. ಪ್ರತಿ ವರ್ಷ ಅದನ್ನು ಲೀಸಿಗೆ ಕೊಡುತ್ತಿದ್ದರು, ಪ್ರತಿ ವರ್ಷ ವೀರೇಶನೇ ಹಿಡಿಯುತ್ತಿದ್ದ. ತಗ್ಗಿನ ಜಾಗ, ತೇವ ಆರಿರಲಿಲ್ಲ, ಮಶೀನು ಅಲ್ಲಿಗೆ ಕೊನೆಯಲ್ಲಿ ಇಳಿದಿತ್ತು. ಹಾಗಾಗಿ ಅದನ್ನಿನ್ನೂ ಸುಟ್ಟಿರಲಿಲ್ಲ. ಆ ಒಂದು ಡಬ್ಬಿಯ ಮಣ್ಣಿನಲ್ಲಿ ಎರೆಹುಳು ಮಿಸುಕಾಡಿದಾಗ ಇಡೀ ಕ್ಲಾಸು ಟೇಬಲ್ಲಿನ ಸುತ್ತ ಮುಗಿಬಿತ್ತು. ಮನೆಯಿಂದ ತಂದ ಸುಟ್ಟ ಮಣ್ಣಿನ ಡಬ್ಬಿಗಳನ್ನು ಕೆದಕಿ ಕೆದಕಿ ನೋಡಿದರು. ಏನೂ ಇರಲಿಲ್ಲ. ಚನ್ನು ತನ್ನ ಡಬ್ಬಿಯನ್ನು ಪೂರಾ ನೆಲಕ್ಕೆ ಸುರಿದು, ಬೆರಳಿನಿಂದ ಹರವಿ ನೋಡಿ, ಮತ್ತೆ ತುಂಬಿದಳು.

ಆ ಸಂಜೆ ಸುಕನ್ಯಾ ನೇರ ವೀರೇಶನ ಮನೆಗೆ ಹೋದರು. ಮರ್ಯಾದೆಗೇನೂ ಕೊರತೆಯಾಗಲಿಲ್ಲ. ಕುರ್ಚಿ ಬಂತು, ಚಹಾ ಬಂತು.

“ಸಾಲೀ ಗದ್ದಿ ಸುಡಬ್ಯಾಡ್ರಿ ಅಂತ ಕೇಳಾಕ ಬಂದೀನಿ.”

ವೀರೇಶ ನಕ್ಕ. “ಟೀಚರ್, ನೀವು ಮಸ್ಕಿ ಕಡೀಯವ್ರು. ಅಲ್ಲಿ ದನಕ ಹುಲ್ಲಿಲ್ಲ, ಇಲ್ಲಿ ಹುಲ್ಲಿಗೆ ದನ ಇಲ್ಲ. ಆಳು ಎಲ್ಲಿ ಸಿಗ್ತಾರ ಹುಲ್ಲು ಬಳದು ಒಟ್ಟಾಕ? ಕಾಲುವಿ ನೀರು ನಮ್ಮ ಮಾತು ಕೇಳ್ತೈತೇನ್ರಿ? ಎಳ್ಳಮಾಸಿ ಮರುದಿನ ನೀರು ಬಿಡ್ತಾರ. ಅಷ್ಟರಾಗ ಗದ್ದಿ ಖಾಲಿ ಆಗಬೇಕು.”

“ಹುಡುಗ್ರು ಬಳೀತಾರ. ಒಯ್ಯಾಕ ಮಾಹಿರಾನ ತಂದಿ ತಯಾರದಾರ, ಅವ್ರ ಎಮ್ಮಿಗೆ ಬೇಕಾಗೈತಿ.”

“ಹುಡುಗ್ರು!” ವೀರೇಶ ಲೋಟ ಕೆಳಗಿಟ್ಟ. “ಆತು, ಬಳೀರಿ. ಅಮಾಸಿ ಸಂಜಿ ತನ ಟೈಮ್. ಊರ ಮಂದಿ ಪೂರಾ ಆವತ್ತು ಗದ್ದ್ಯಾಗ ಇರ್ತಾರ, ಬೆಂಕಿ ಅತ್ತಿತ್ತ ದಾಟಿದ್ರ ಆರ್ಸಾಕ ಬರ್ತಾರ. ಸಂಜಿಗೆ ಎಷ್ಟು ಉಳದಿರ್ತೈತಿ ಅಷ್ಟಕ್ಕ ಹಚ್ಚತೀನಿ. ಮತ್ತ ಆಮ್ಯಾಲೆ ಕ್ಲಾಸಿನ್ಯಾಗ ನನ್ನ ಫೇಲ್ ಮಾಡಬ್ಯಾಡ್ರಿ.”

ಕೊನೆಯ ಮಾತನ್ನು ಅವನು ನಗುತ್ತಲೇ ಹೇಳಿದ. ನಗುವಿನ ಹಿಂದೆ ಸಿಟ್ಟು ಇದ್ದದ್ದು ಸುಕನ್ಯಾಗೆ ತಿಳಿಯದೆ ಇರಲಿಲ್ಲ. ಮರುದಿನವೇ ಕ್ಲಾಸಿಗೆ ಗಡುವು ತಿಳಿಸಿದರು, ಆದರೆ ತಗ್ಗಿನ ಹುಲ್ಲು ಹಬ್ಬದ ಹಿಂದಿನ ದಿನದವರೆಗೂ ಒದ್ದೆಯಾಗಿಯೇ ಇತ್ತು, ಹಬ್ಬದ ದಿನ ಯಾರು ಬಳಿಯುತ್ತಾರೆ ಎಂದು ಆಸೆ ಬಿಟ್ಟಿದ್ದರು.

ಎಳ್ಳಮವಾಸ್ಯೆಯ ಹಿಂದಿನ ದಿನ, ರಜೆ ಬಿಡುವ ಮುಂಚೆ, ಕ್ಲಾಸಿನಲ್ಲಿ ಹಬ್ಬದ ಮಾತು ಬಂತು. ಯಾರ ಮನೆಯಲ್ಲಿ ಸಜ್ಜೆ ರೊಟ್ಟಿ, ಯಾರ ಮನೆಯಲ್ಲಿ ಶೇಂಗಾ ಹೋಳಿಗೆ, ಯಾರ ಟ್ರ್ಯಾಕ್ಟರಿನಲ್ಲಿ ಎಷ್ಟು ಜನ. ಈ ಸೀಮೆಯಲ್ಲಿ ಆ ದಿನ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಮಾಡಿದ ಅಡಿಗೆಯನ್ನೆಲ್ಲ ಕಲಸಿ ಹೊಲದ ಸುತ್ತ ಚರಗ ಚೆಲ್ಲಿ, ಭೂಮಿತಾಯಿಗೆ ಉಣ್ಣಿಸಿದ ಮೇಲೆ ತಾವು ಉಣ್ಣುತ್ತಾರೆ.

“ನಮ್ಮ ಕಡೆ ಜೋಳ ಎದಿಮಟ ನಿಂತಿರ್ತೈತಿ,” ಎಂದರು ಸುಕನ್ಯಾ. “ಹಸರಾಗ ಚೆಲ್ಲತಾರ. ನೀವು ಎಲ್ಲಿ ಚೆಲ್ಲತೀರಿ?”

“ಗದ್ದ್ಯಾಗ್ರಿ,” ಎಂದಿತು ಕ್ಲಾಸು.

“ಸುಟ್ಟ ಗದ್ದ್ಯಾಗ?”

ಗಂಟೆ ಹೊಡೆಯಿತು. ಆಕೆ ಇದಕ್ಕಿಂತ ಒಂದಕ್ಷರ ಹೆಚ್ಚು ಹೇಳಲಿಲ್ಲ, ಹೇಳಬೇಕು ಎಂದೂ ಅನ್ನಿಸಿರಲಿಲ್ಲ. ಆಮೇಲೆ ಊರವರು ಏನೇನು ಅಂದರು ಎಂಬುದು ಬೇರೆ ಮಾತು. ಸೋಮವಾರ ಭೂಮಿತಾಯಿಯ ಮೈ ಸುಟ್ಟು ಮಂಗಳವಾರ ಅದೇ ಮೈಗೆ ಹೋಳಿಗೆ ಎಡೆ ಇಡುವವರಿಗೆ ಅದರಲ್ಲಿ ಏನೋ ತಪ್ಪಿದೆ ಎಂದು ಇಷ್ಟು ವರ್ಷ ಹೊಳೆಯದಿದ್ದರೆ, ಅದು ಹೊಳೆದ ದಿನ ಯಾರದೋ ಮೇಲೆ ಸಿಟ್ಟು ಬರಲೇಬೇಕು.

ಅಮವಾಸ್ಯೆಯ ಮಧ್ಯಾಹ್ನ ಸುಕನ್ಯಾ ಮಸ್ಕಿಯ ಹೊರಗೆ ತಮ್ಮ ಜೋಳದ ಹೊಲದಲ್ಲಿದ್ದರು. ಅವರ ಮನೆಯಲ್ಲಿ ಪೂಜೆ ನಿಂತು ಒಂದು ತಲೆಮಾರು ಆಗಿತ್ತು. ಆದರೆ ಹೊಲಕ್ಕೆ ಬಂದು ನೆಂಟರಿಷ್ಟರ ಜೊತೆ ಕೂತು ಉಣ್ಣುವುದನ್ನು ಯಾರೂ ಬಿಟ್ಟಿರಲಿಲ್ಲ. ಇನ್ನೇನು ಎಲೆ ಹಾಕಬೇಕು ಎನ್ನುವಾಗ ಫೋನು ಬಂತು.

“ಏನ್ ಮಾಡಿಟ್ಟೀರಿ ತಾಯಿ ನೀವು!” ದುರುಗಪ್ಪನವರು ಫೋನಿನಲ್ಲಿ ಕೂಗಿದರು. “ಒಂಬತ್ತನೇ ಕ್ಲಾಸಿನ ಹುಡುಗ್ರು ಮುಂಜಾನಿಂದ ಸಾಲೀ ಗದ್ದ್ಯಾಗ ಹುಲ್ಲು ಬಳ್ಯಾಕತ್ತಾರ. ಉಣ್ಣಾಕ ಕರದ್ರ ಬರಾಕ ಒಲ್ಲರು. ಸುಟ್ಟ ಗದ್ದ್ಯಾಗ ನಾವು ಉಣ್ಣಲ್ಲ ಅಂತಾರ, ಎಲ್ಲಾರದೂ ಒಂದ ಮಾತು! ಹಬ್ಬದ ದಿನ ಹಸಗೊಂಡು ಕುಂತಾರ. ಮಂದಿ ನನ್ನ ಮೈಮ್ಯಾಲೆ ಬರಾಕತ್ತಾರ.”

“ನಾ ಹಂಗ ಹೇಳಿಲ್ಲ ಸರ್.”

“ನೀವ ಹೇಳಿದ್ದು ಅಂತ ಊರು ಅನ್ನಾಕತ್ತೈತಿ. ಭೂತಾಯಿಗೆ ಕೈ ಮುಗಿಲಾರದಾಕಿ ನಮ್ಮ ಮಕ್ಕಳ ತಲಿ ಕೆಡಿಸ್ಯಾಳ ಅಂತ. ಬಂದು ಒಂದ ಮಾತು ಹೇಳ್ರಿ, ನನ್ನದು ತಪ್ಪಾತು, ಉಣ್ರಿ ಅಂತ. ಇಲ್ಲಂದ್ರ ನಾಳಿ ಸಿಂಧನೂರಿನ ಬಿಇಓ ಆಫೀಸಿಗೆ ಕಂಪ್ಲೇಂಟ್ ಹೋಗ್ತೈತಿ. ನಿಮ್ಮ ಪ್ರೊಬೇಷನ್ ನನ್ನ ಕೈಯಾಗಿಲ್ಲ.”

ಸುಕನ್ಯಾ ಉಣ್ಣದೆ ಎದ್ದರು. ತಮ್ಮ ಸುನೀಲ ಬೈಕು ತೆಗೆದ. ಅರ್ಧ ದಾರಿ ಆದ ಮೇಲೆ ತಡೆಯಲಾರದೆ ಕೇಳಿದ, “ಅಕ್ಕಾ, ಒಂದ ಮಾತಲ್ಲ? ಹೇಳಿಬಿಡು. ನೌಕರಿ ಉಳೀತೈತಿ. ಎಷ್ಟು ಕಷ್ಟಪಟ್ಟು ತಗೊಂಡಿ.”

ಮಕ್ಕಳು ಹಸಿದಿದ್ದಾರೆ ಎಂಬುದೊಂದೇ ಸುಕನ್ಯಾರ ತಲೆಯಲ್ಲಿ ಓಡುತ್ತಿತ್ತು. ಕೂಸುಗಳನ್ನು ಉಪವಾಸ ಕೂರಿಸಿ ಗೆಲ್ಲುವುದು ಎಂಥ ಗೆಲುವು ಎಂದು ತನ್ನ ಮೇಲೇ ಸಿಟ್ಟು ಬರುತ್ತಿತ್ತು. ಹಾಗೆಂದು ನಾನು ಕಲಿಸಿದ್ದು ಸುಳ್ಳು ಎಂದು ಅವರ ಮುಖ ನೋಡಿ ಹೇಳುವುದು ಹೇಗೆ? ಗೊರೇಬಾಳ ಹತ್ತಿರ ಬರುತ್ತಿದ್ದಂತೆ ಜೋಳ ಮುಗಿದು ಗದ್ದೆ ಶುರುವಾಯಿತು, ಎರಡೂ ಬದಿಗೆ ನೆಲ ಕರ್ರಗೆ ಬಿದ್ದಿತ್ತು.

ಹೊನ್ನಗುಡ್ಡದ ಗದ್ದೆಗಳಲ್ಲಿ ಹಬ್ಬ ನಡೆದಿತ್ತು, ಆದರೆ ಹಬ್ಬದ ಕಳೆ ಇರಲಿಲ್ಲ. ಬೂದಿಯ ಮೇಲೆ ತಾಡಪಾಲು ಹಾಸಿ ಮನೆಮಂದಿ ಕೂತಿದ್ದರು. ಪಾತ್ರೆಗಳ ಮುಚ್ಚಳ ತೆಗೆದಿರಲಿಲ್ಲ. ಹೆಂಗಸರ ಹೊಸ ಸೀರೆಗಳ ಅಂಚು ಕಪ್ಪಾಗಿತ್ತು. ಸುಕನ್ಯಾ ಬದುವಿನ ಮೇಲೆ ನಡೆದು ಹೋಗುವಾಗ ಒಬ್ಬ ಕೇಳಿಸುವ ಹಾಗೆಯೇ ಅಂದ:

“ಬಂದ್ರು ನೋಡ್ರಪಾ, ಹಬ್ಬ ಕೆಡಿಸಿದವ್ರು. ಭೂಮಿಗೆ ಕೈ ಮುಗೀಲಾರದವ್ರಿಗೆ ನಮ್ಮ ಚರಗದ ಉಸಾಬರಿ ಯಾಕ?”

ಸುಕನ್ಯಾ ನಿಂತರು. ಸುನೀಲ ಕೈ ಹಿಡಿದು ಎಳೆದ, ಬಿಡಿಸಿಕೊಂಡರು.

“ನಾವು ಕೈ ಮುಗಿಯಲ್ಲ, ಖರೆ ಅಣ್ಣ. ಆದ್ರ ಸುಡೂದೂ ಇಲ್ಲ.”

ಆ ಮನುಷ್ಯ ಪಕ್ಕದ ಪಾತ್ರೆಯ ಮುಚ್ಚಳ ಸರಿಸಿ ಇಟ್ಟ. ಅವನ ಹೆಂಡತಿ ತಲೆ ಬಗ್ಗಿಸಿ ಸೆರಗಿನ ಬೂದಿ ಕೊಡವತೊಡಗಿದಳು.

ಶಾಲೆಯ ಗದ್ದೆಯಲ್ಲಿ ಮಕ್ಕಳು ಮಾಡಿದ ಕೆಲಸ ಸುಕನ್ಯಾಗೆ ದೂರದಿಂದಲೇ ಕಂಡಿತು. ಅರ್ಧಕ್ಕಿಂತ ಹೆಚ್ಚು ಹುಲ್ಲು ಬಳಿದಿದ್ದರು. ಬಣವೆ ಒಟ್ಟುವುದು ಒಬ್ಬರಿಗೂ ಗೊತ್ತಿಲ್ಲದೆ ಒಟ್ಟಿದ ಎರಡು ಬಣವೆಗಳು ಒಂದಕ್ಕೊಂದು ಬೆನ್ನು ತಿರುಗಿಸಿ ವಾಲಿದ್ದವು. ಆಚೆ ರಹಮಾನಸಾಬ ತನ್ನ ಟೆಂಪೋಗೆ ಹುಲ್ಲು ತುಂಬುತ್ತಿದ್ದ. ಮಕ್ಕಳ ಮೈತುಂಬ ಧೂಳು, ತುಟಿ ಒಣಗಿತ್ತು. ಮಾಹಿರಾಳ ಮನೆಯಲ್ಲಿ ಈ ಹಬ್ಬವೇ ಇಲ್ಲ. ಆದರೆ ಪ್ರತಿ ವರ್ಷ ಚನ್ನುವಿನ ಗದ್ದೆಯಲ್ಲಿ ಎಲ್ಲರಿಗಿಂತ ಮುಂಚೆ ಕೂತು ಎಲ್ಲರಿಗಿಂತ ಕೊನೆಗೆ ಏಳುವವಳು ಅವಳೇ. ಅವಳೂ ಹೊಟ್ಟೆ ಹಿಡಿದುಕೊಂಡು ನಿಂತಿದ್ದಳು.

ಬದುವಿನ ಮೇಲೆ ವೀರೇಶ. ಪಕ್ಕದಲ್ಲಿ ದುರುಗಪ್ಪನವರು, ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು.

“ಬಂದ್ರಲ್ಲ, ಹೇಳಿಬಿಡ್ರಿ ಮೇಡಂ,” ಎಂದರು ಅವರು.

ಸುಕನ್ಯಾ ಮಕ್ಕಳ ಹತ್ತಿರ ಹೋದರು. “ಹಸಿವಾಗೈತೇನು?”

“ಹೌದ್ರಿ,” ಎಂದರು ಎಲ್ಲರೂ. ಸುಳ್ಳು ಹೇಳುವ ಶಕ್ತಿಯೂ ಇರಲಿಲ್ಲ.

“ನಾ ನಿಮಗ ಉಣ್ಣಬ್ಯಾಡ್ರಿ ಅಂತ ಹೇಳಿದ್ನೇನು?”

“ಇಲ್ರಿ,” ಎಂದಳು ಚನ್ನು. ಅಪ್ಪ ಕೇಳಲಿ ಎಂದೇ ದನಿ ಏರಿಸಿದಳು. “ಎಲ್ಲಿ ಚೆಲ್ಲತೀರಿ ಅಂತ ಕೇಳಿದ್ರಿ. ನಾ ಮುಂಜಾನೆ ಆಯಿ ಸಂಗಾಟ ನಮ್ಮ ಗದ್ದೀಗೆ ಹೋದೆ. ಆಯಿ ಚರಗ ಚೆಲ್ಲಿದ್ಲು. ಹೋಳಿಗಿ ತುಣುಕು, ಕಡುಬು, ಎಲ್ಲಾ ಬೂದ್ಯಾಗ ಬಿತ್ತು. ನಾ ಅಲ್ಲೇ ಕುಂತು ನೋಡಿದೆ ಟೀಚರ್, ಭಾಳ ಹೊತ್ತು ನೋಡಿದೆ. ಒಂದು ಇರುವಿ ಸೈತ ಬರ್ಲಿಲ್ಲ. ಇಷ್ಟು ಅಡಿಗಿ ಮಾಡಿ ಯಾರಿಗೆ ಹಾಕಾಕತ್ತೀವಿ ನಾವು? ನನಗ ಬಾಯಿಗೆ ತುತ್ತು ಹೋಗ್ಲಿಲ್ಲ, ಎದ್ದು ಬಂದೆ. ಇವ್ರೆಲ್ಲಾ ತಾವ ಬಂದ್ರು.”

ಟೆಂಪೋದ ಮೇಲೆ ರಹಮಾನಸಾಬ ಕೈ ನಿಲ್ಲಿಸಿದ. ಸುಕನ್ಯಾಗೆ ಆ ಹುಡುಗಿಯನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ಜೊತೆಗೇ ಭಯವೂ ಆಯಿತು. ತಾನು ಬೋರ್ಡಿನ ಮೇಲೆ ಬರೆದದ್ದನ್ನು ಒಬ್ಬರು ಇಷ್ಟು ಖರೆ ಎಂದು ತಿಳಿದುಕೊಳ್ಳುತ್ತಾರೆ ಎಂದು ಆಕೆ ಅಂದುಕೊಂಡಿರಲಿಲ್ಲ.

“ಕೇಳ್ರಿಲ್ಲೆ,” ಎಂದರು. “ಉಣ್ಣೂದು ಬಿಡೂದು ನಿಮ್ಮ ಖುಷಿ. ಹಸಗೊಂಡು ಇರ್ರಿ ಅಂತ ನಾ ಹೇಳಲ್ಲ, ನಿಮ್ಮನ್ನ ನೋಡಿದ್ರ ನನ್ನ ಹೊಟ್ಟಿ ಉರೀತೈತಿ. ಆದ್ರ ನಾ ಕಲಿಸಿದ್ದು ತಪ್ಪು ಅಂತ ಹೇಳಾಕ ನಾ ಬಂದಿಲ್ಲ.”

“ಮೇಡಂ!” ದುರುಗಪ್ಪನವರು ಹಣೆ ಹಿಡಿದುಕೊಂಡರು.

ಅಷ್ಟರಲ್ಲಿ ಬದುವಿನ ಮೇಲೆ ಬುಟ್ಟಿ ಹೊತ್ತು ಒಬ್ಬ ಮುದುಕಿ ಬಿರಬಿರನೆ ಬರುವುದು ಕಂಡಿತು. ಪಾರ್ವತೆಮ್ಮ, ವೀರೇಶನ ತಾಯಿ, ಚನ್ನುವಿನ ಆಯಿ. ಆಕೆಯ ಹಿಂದೆ ಇನ್ನೂ ನಾಲ್ಕಾರು ಹೆಂಗಸರು, ಎಲ್ಲರ ತಲೆಯ ಮೇಲೂ ಬುಟ್ಟಿ. ಮಕ್ಕಳನ್ನು ಬಿಟ್ಟು ಉಣ್ಣಲು ಯಾವ ತಾಯಿಗೂ ಮನಸ್ಸಾಗಿರಲಿಲ್ಲ.

“ಎಲ್ಲಿಗೆ ಬಂದಿ ಯವ್ವಾ?” ಎಂದ ವೀರೇಶ.

“ಕೂಸು ಹಸಗೊಂಡು ಕುಂತಾಳ, ನಾ ಅಲ್ಲಿ ಯಾರ ಮಾರಿ ನೋಡಿ ಉಣ್ಣಲಿ? ನಿನ್ನ ಮಾರಿ ನೋಡಿ?” ಪಾರ್ವತೆಮ್ಮ ಬುಟ್ಟಿ ಇಳಿಸಿ ಹುಲ್ಲಿನ ಮೇಲೇ ಕೂತರು. “ಇಲ್ಲಿ ಸುಟ್ಟಿಲ್ಲ. ಇಲ್ಲಿ ಉಣ್ತೀಯಿಲ್ಲಬೇ?”

ರೊಟ್ಟಿಯ ಮೇಲಿನ ಎಳ್ಳಿನ ವಾಸನೆಗೆ ಮಕ್ಕಳ ಸಾಲು ಒಂದು ಹೆಜ್ಜೆ ಮುಂದೆ ಬಂತು. ಚನ್ನು ಬರಲಿಲ್ಲ.

“ಸಂಜಿಗೆ ಅಪ್ಪ ಇದನ್ನೂ ಸುಡ್ತಾನ ಆಯಿ. ಸುಟ್ಟ ಗದ್ದಿಗೂ ಸುಡೂ ಗದ್ದಿಗೂ ಏನು ಫರಕ್?”

ಈಗ ಎಲ್ಲರೂ ವೀರೇಶನನ್ನು ನೋಡಿದರು. ತಾಯಿ ನೋಡಿದಳು, ಬುಟ್ಟಿ ಹೊತ್ತ ಹೆಂಗಸರು ನೋಡಿದರು, ಅವರ ಹಿಂದೆ ಒಬ್ಬೊಬ್ಬರಾಗಿ ಬಂದ ಗಂಡಸರೂ ನೋಡಿದರು. ದೊಡ್ಡ ರೈತ ಕಿವಿ ಕೆರೆದುಕೊಂಡ.

“ಸುಡಲ್ಲ ಬಿಡಬೇ. ಉಳದದ್ದು ರಾತ್ರಿಯೊಳಗ ನಾನ ಟ್ರ್ಯಾಕ್ಟರ್ ಹಚ್ಚಿ ತಗಿಸ್ತೀನಿ. ಉಣ್ಣು.”

ಮಕ್ಕಳು ಹೋ ಎಂದು ಕೂಗಿದರು. ದುರುಗಪ್ಪನವರು ದೊಡ್ಡದಾಗಿ ಉಸಿರು ಬಿಟ್ಟರು. ಸುನೀಲ ಅಕ್ಕನ ಕಡೆ ನೋಡಿ ನಕ್ಕ. ಇಲ್ಲಿಗೆ ಬಿಟ್ಟಿದ್ದರೆ ಎಲ್ಲರೂ ಉಂಡು ಮನೆಗೆ ಹೋಗುತ್ತಿದ್ದರು. ಚನ್ನು ಬಿಡಬೇಕಲ್ಲ!

“ಇದು ಸಾಲೀದಪಾ. ಎರಡು ಎಕರೆ. ನಮ್ಮ ಹನ್ನೆರಡು?”

“ಅದು ಸುಟ್ಟು ಆಗಿ ಹೋತಲ್ಲ!”

“ಬ್ಯಾಸಗಿ ಬೆಳಿ ಬರ್ತೈತಲ್ಲ. ಆಗ ಏನ್ ಮಾಡ್ತಿ?”

ವೀರೇಶನ ಮುಖ ಕೆಂಪಾಯಿತು. ಊರ ಮುಂದೆ ಮಗಳ ಕೈಯಲ್ಲಿ ಹೀಗೆ ಸಿಕ್ಕಿಬಿದ್ದ ಸಿಟ್ಟನ್ನು ಎಲ್ಲಿ ಹಾಕಬೇಕೋ ತಿಳಿಯದೆ ಸುಕನ್ಯಾರ ಕಡೆ ತಿರುಗಿದ. ದನಿ ಮಾತ್ರ ಮೆತ್ತಗೆ ಮಾಡಿದ.

“ಟೀಚರ್, ಆಕಿ ನಿಮ್ಮ ಮಾತು ಕೇಳ್ತಾಳ. ಸಾಕು ಉಣ್ಣು ಅಂತ ನೀವು ಒಂದ ಮಾತು ಅನ್ರಿ. ಕಂಪ್ಲೇಂಟ್ ಗಿಂಪ್ಲೇಂಟ್ ಏನೂ ಇಲ್ಲ, ನಾ ಮೆಂಬರ್ ಅದೀನಿ, ನಾ ನೋಡಿಕೊಳ್ತೀನಿ. ನಿಮ್ಮ ಪ್ರೊಬೇಷನ್ನೂ ಆತು ಅಂತ ತಿಳಕೊಳ್ರಿ.”

ಇದಕ್ಕಿಂತ ಸಲೀಸಾದ ದಾರಿ ಇರಲಿಲ್ಲ. ಎರಡು ಎಕರೆ ಉಳಿದಿತ್ತು, ನೌಕರಿ ಉಳಿಯುತ್ತಿತ್ತು, ಮಕ್ಕಳು ಉಣ್ಣುತ್ತಿದ್ದರು. ದುರುಗಪ್ಪನವರು ಕಣ್ಣಿನಲ್ಲೇ ಬೇಡಿಕೊಳ್ಳುತ್ತಿದ್ದರು. ಸುಕನ್ಯಾ ಚನ್ನುವಿನ ಮುಖ ನೋಡಿದರು. ಹುಡುಗಿ ತನ್ನನ್ನು ನೋಡುತ್ತಲೇ ಇರಲಿಲ್ಲ, ಅಪ್ಪನನ್ನೇ ನೋಡುತ್ತಿದ್ದಳು, ಉತ್ತರ ಅವನಿಂದಲೇ ಬರಬೇಕು ಎಂಬಂತೆ.

“ಆಕಿ ಕೇಳಿದ್ದು ನಿಮ್ಮನ್ನ,” ಎಂದರು ಸುಕನ್ಯಾ. “ನೀವ ಹೇಳ್ರಿ. ನನ್ನ ಪ್ರೊಬೇಷನ್ ಆಕಿ ಪ್ರಶ್ನೆಕ ಉತ್ತರ ಅಲ್ಲ. ಕಂಪ್ಲೇಂಟ್ ಬರೀಬೇಕಂದ್ರ ಬರೀರಿ. ಸುಡಬಾರ್ದು ಅಂತ ಕಲಿಸ್ಯಾಳ ಅಂತ ಬರೀರಿ, ನಾನೂ ಅದರ ಕೆಳಗ ಸೈನ್ ಮಾಡ್ತೀನಿ.”

ಸುನೀಲ ಕಣ್ಣು ಮುಚ್ಚಿಕೊಂಡ. ಬದುವಿನ ಮೇಲೆ ನಿಂತವರಲ್ಲಿ ಯಾರೋ ಒಬ್ಬ ಹೆಂಗಸು ಕಿಸಕ್ಕೆಂದು ನಕ್ಕು ಬಾಯಿಗೆ ಸೆರಗು ಹಿಡಿದಳು. ವೀರೇಶ ಒಂದು ಗಳಿಗೆ ಸುಕನ್ಯಾರನ್ನು ದುರುಗುಟ್ಟಿ ನೋಡಿದ, ಆಮೇಲೆ ವಾಲಿದ ಬಣವೆಗಳನ್ನು ನೋಡಿದ, ಆಮೇಲೆ ಮಗಳನ್ನು.

“ಆತು,” ಎಂದ. “ಬ್ಯಾಸಗಿ ಬೆಳಿ ಮಶೀನ್ ಹಾಯ್ದ ಮರುದಿನ ನೀವೆಲ್ಲಾ ಬರ್ಬೇಕು. ಹನ್ನೆರಡು ಎಕರೆ ಐತಿ, ನೆತ್ತಿ ಮ್ಯಾಲೆ ಬಿಸಲಿರ್ತೈತಿ. ನಿಮ್ಮ ಟೀಚರೂ ಬರ್ಬೇಕು. ಬಂದು ಬಳದ್ರ ಸುಡಲ್ಲ. ಬರ್ಲಿಲ್ಲೋ, ಕಡ್ಡಿ ಗೀರ್ತೀನಿ, ಆಗ ಯಾರೂ ಪಿಟ್ ಅನ್ನಂಗಿಲ್ಲ.”

ಹೆದರಿಸಲೆಂದೇ ಹೇಳಿದ ಮಾತು ಅದು. ರಾಯಚೂರು ಜಿಲ್ಲೆಯ ಬೇಸಿಗೆ ಎಂದರೆ ಏನು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

“ಬರ್ತೀವಿ,” ಎಂದಳು ಚನ್ನು. “ನೀನೂ ಬರ್ಬೇಕು.”

“ನಾ ಯಾಕಬೇ?”

“ಗದ್ದಿ ಯಾರದು?”

ಪಾರ್ವತೆಮ್ಮ ಮೊದಲು ನಕ್ಕರು. ಆಮೇಲೆ ಬದುವಿನ ಮೇಲಿದ್ದವರೆಲ್ಲ ನಕ್ಕರು, ಮುಂಚೆ ಸುಕನ್ಯಾರನ್ನು ಕೆಣಕಿದ ಆ ಮನುಷ್ಯನೂ ನಕ್ಕ. ವೀರೇಶ ಮಾತ್ರ ನಗಲಿಲ್ಲ. ಚಪ್ಪಲಿ ಬದುವಿನ ಮೇಲೆ ಬಿಟ್ಟು ಗದ್ದೆಗಿಳಿದ, ತಾಯಿಯ ಬುಟ್ಟಿಯಿಂದ ಒಂದು ಸಜ್ಜೆ ರೊಟ್ಟಿ ತೆಗೆದ, ಅದರ ಮೇಲೆ ಬದನೆಯ ಎಣ್ಣೆಗಾಯಿ ಹಾಕಿ ಮಗಳ ಕೈಗೆ ಕೊಟ್ಟ.

“ಬರ್ತೀನಿ. ಉಣ್ಣು,” ಎಂದ.

ಚನ್ನು ರೊಟ್ಟಿ ಮುರಿದು ಅರ್ಧ ಮಾಹಿರಾಳ ಕೈಗಿಟ್ಟಳು. ಅದೇ ಅಪ್ಪಣೆ ಎಂಬಂತೆ ಮಕ್ಕಳೆಲ್ಲ ಬುಟ್ಟಿಗಳ ಮೇಲೆ ಮುಗಿಬಿದ್ದರು. ಹೆಂಗಸರು ಹುಲ್ಲಿನ ಮೇಲೆ ಸಾಲಾಗಿ ಕೂರಿಸಿ ಬಡಿಸತೊಡಗಿದರು. ಪಾರ್ವತೆಮ್ಮ ಸುಕನ್ಯಾರ ಕೈ ಹಿಡಿದು ಎಳೆದು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. “ನೀ ಉಂಡಿಲ್ಲಲ್ಲ? ಮಾರಿ ನೋಡಿದ್ರ ತಿಳೀತೈತಿ,” ಎಂದು ಕೈತುಂಬ ಹೋಳಿಗೆ ಇಟ್ಟರು. ಆ ಊರಿಗೆ ಬಂದು ಎರಡು ವರ್ಷವಾಗಿತ್ತು. ಅಲ್ಲಿ ಒಬ್ಬರು ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೈಗೆ ಉಣ್ಣಲು ಕೊಟ್ಟದ್ದು ಅದೇ ಮೊದಲು. ಸುಕನ್ಯಾ ಆ ಹೋಳಿಗೆಯನ್ನು ನಿಧಾನವಾಗಿ ತಿಂದರು, ಕಣ್ಣು ತುಂಬಿ ಬಂದದ್ದನ್ನು ಒರೆಸಿಕೊಳ್ಳಲಿಲ್ಲ.

ದುರುಗಪ್ಪನವರೂ ಒಂದು ಹೋಳಿಗೆ ಹಿಡಿದು ಹತ್ತಿರ ಬಂದು ಕೂತರು. ಬೆಳಗಿನಿಂದ ಅವರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ.

“ಅಂತೂ ಮುಗೀತಲ್ಲ ಮೇಡಂ, ದೇವರು ದೊಡ್ಡಾವ.”

“ಎಲ್ಲಿ ಮುಗೀತು ಸರ್?” ಎಂದರು ಸುಕನ್ಯಾ. “ಇದು ಒಂಬತ್ತನೇ ಕ್ಲಾಸು. ಎಂಟನೇ ಕ್ಲಾಸಿಗೆ ಈ ಪಾಠ ನಾಳಿಂದ ಶುರು ಮಾಡ್ತೀನಿ.”

ದುರುಗಪ್ಪನವರು ಹೋಳಿಗೆಯನ್ನು ಬಾಯಿಗೆ ಹಾಕಿಕೊಳ್ಳುವುದನ್ನೂ ಮರೆತು ಆಕೆಯನ್ನೇ ನೋಡುತ್ತ ಕೂತರು.